ಸುತ್ತು ಕುಣಿತ ನಿಧಾನವೆಂದು ಬರೆದುಕೊಟ್ಟವರು

ಸಾಮಾಜಿಕ ನೃತ್ಯಗಳ ಶಿಕ್ಷಣದಲ್ಲಿ ಮೂವತ್ತೊಂದು ವರ್ಷ ದುಡಿದು ಈಗ ನಿವೃತ್ತರಾಗುತ್ತಿರುವ ನಮ್ಮ ಪೂಜ್ಯ ಮೇಷ್ಟ್ರಿಗೆ ಜೋಡಿ ಕುಣಿತ, ಸಾಲು ಕುಣಿತಗಳೆರಡೂ ಕರತಲಾಮಲಕವಾಗಿದ್ದರೂ ಜೀವವೆಲ್ಲ ಇದ್ದದ್ದು ಸುತ್ತು ಕುಣಿತದಲ್ಲಿ. ಅದರ ಕಟ್ಟಳೆ ಒಂದೇ: ತಡವಾಗಿ ಬಂದವರು ಎಲ್ಲಿ ಬೇಕಾದರೂ ಸುತ್ತಿಗೆ ಸೇರಬಹುದು, ಅಕ್ಕಪಕ್ಕದವರು ಮರುಮಾತಿಲ್ಲದೆ ಅವರ ಕೈ ಹಿಡಿಯಬೇಕು. ಕುಂಟುವವರಿಗೂ ತಾಳ ತಪ್ಪುವವರಿಗೂ ಅಲ್ಲಿ ಜಾಗವಿತ್ತು; ಮೊದಲ ವರ್ಷ ಗೋಡೆಗೆ ಅಂಟಿಕೊಂಡು ನಿಂತಿದ್ದ ಈ ಲೇಖಕಿಯನ್ನು ಒಳಗೆ ಎಳೆದುಕೊಂಡವರೂ ಅವರೇ.

ಆರು ವರ್ಷಗಳ ಹಿಂದೆ, ಆಸ್ಪತ್ರೆಯ ಶವಾಗಾರದಲ್ಲಿ ಹೆಣಗಳನ್ನು ತೊಳೆದು ಸಿದ್ಧಪಡಿಸುವ ಮಹಿಳೆಯೊಬ್ಬರು ಸುತ್ತಿಗೆ ಸೇರಿದರು. ಎರಡೇ ತಿಂಗಳಲ್ಲಿ ನಲವತ್ತು ಜನರ ತರಗತಿ ಒಂಬತ್ತಕ್ಕಿಳಿಯಿತು. ಬಿಟ್ಟುಬಂದ ನಾವೆಲ್ಲ ಪಕ್ಕದ ಕೋಣೆಯ ಜೋಡಿ ಕುಣಿತಕ್ಕೆ ಜಾರಿಕೊಂಡೆವು. ಸಂಸ್ಥೆಯವರು ಕಾರಣ ಕೇಳಿ ನಮೂನೆ ಹಂಚಿದಾಗ ಸುತ್ತು ಬಲು ನಿಧಾನ, ರಾಗ ಹಳತು, ಮಂಡಿ ನೋವು ಎಂದೆಲ್ಲ ಬರೆದುಕೊಟ್ಟೆವು. ಮೇಷ್ಟ್ರು ಅದನ್ನು ಅಕ್ಷರಶಃ ನಂಬಿದರು. ತಾಳವನ್ನು ಚುರುಕುಗೊಳಿಸಿದರು, ಹೊಸ ರಾಗ ಹುಡುಕಿದರು, ಹಿಮ್ಮಡಿ ಊದಿಕೊಳ್ಳುವವರೆಗೆ ತಾವೇ ಕುಣಿದು ತೋರಿಸಿದರು. ಒಬ್ಬರೂ ತಿರುಗಿ ನೋಡಲಿಲ್ಲ.

ಕೊನೆಗೆ ಬಾಯಿಬಿಟ್ಟವರು ಅವರ ಅತಿ ಹಳೆಯ ಶಿಷ್ಯರಾದ ದರ್ಜಿ. "ಕುಣಿತ ಚೆನ್ನಾಗೇ ಇದೆ ಮೇಷ್ಟ್ರೇ. ಆ ಕಡೆ ಜೋಡಿ ಕುಣಿತದಲ್ಲಾದ್ರೆ ಯಾರ ಕೈ ಹಿಡೀಬೇಕು ಅಂತ ನಾವೇ ನೋಡ್ಕೋತೀವಿ, ಅಷ್ಟೇ," ಎಂದರು. ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. ಆಕೆಯನ್ನು ಬಿಡಿಸಿದರೆ ತರಗತಿ ಉಳಿಯುತ್ತದೆಂದು ಸಂಸ್ಥೆಯ ಅಧ್ಯಕ್ಷರು ನಯವಾಗಿ ಸೂಚಿಸಿದರು. ಮೇಷ್ಟ್ರು ಸುತರಾಂ ಒಪ್ಪಲಿಲ್ಲ. ಸುದ್ದಿ ಹೇಗೋ ಆಕೆಯ ಕಿವಿಗೂ ಬಿದ್ದು, ಮರುವಾರ ಆಕೆ ಬಿಳಿ ಕೈಗವಸು ತೊಟ್ಟುಕೊಂಡೇ ಬಂದರು.

"ಇದು ಹಾಕ್ಕೊಂಡ್ರೆ ಅವರೆಲ್ಲ ವಾಪಸ್ ಬರ್ತಾರಾ ಮೇಷ್ಟ್ರೇ?"

"ತೆಗೀರಮ್ಮ ಅದನ್ನ," ಎಂದು ಮೇಷ್ಟ್ರು ಕೈ ಚಾಚಿದರು.

ತಿಂಗಳೊಳಗೆ ತರಗತಿ ಮುಚ್ಚಿತು. ಅಲ್ಲಿಂದಾಚೆಗೆ ಅವರು ನಮಗೇ ಜೋಡಿ ಕುಣಿತ ಕಲಿಸಿದರು. ಹೆಜ್ಜೆಯನ್ನು ಮೊದಲಿನಷ್ಟೇ ಶ್ರದ್ಧೆಯಿಂದ ತಿದ್ದಿದರು. ಆದರೆ ನಮ್ಮಲ್ಲಿ ಯಾರ ಕೈಯನ್ನೂ ಮುಟ್ಟಿ ತಿದ್ದಲಿಲ್ಲ. ನಮಗೆ ಅದು ಅರ್ಥವಾಗುತ್ತಿತ್ತು, ನಾಚಿಕೆಯೂ ಆಗುತ್ತಿತ್ತು. ಆದರೂ ತಪ್ಪದೆ ಹೋಗುತ್ತಿದ್ದೆವು.

ಭಾನುವಾರ ಬೆಳಿಗ್ಗೆ ಮೇಷ್ಟ್ರ ಮನೆಯ ಮಹಡಿಯ ಮೇಲೆ ಆಕೆಯೂ ಉಳಿದ ಎಂಟು ಜನರೂ ಇಂದಿಗೂ ಸೇರುತ್ತಾರೆ. ಅವರಲ್ಲೊಬ್ಬರಿಂದಲೂ ಈ ಅಭಿನಂದನ ಸಂಪುಟಕ್ಕೆ ಲೇಖನ ಕೇಳಿಲ್ಲ. ಸನ್ಮಾನಕ್ಕೆ ಒಪ್ಪಿಕೊಳ್ಳುವಾಗ ಮೇಷ್ಟ್ರು ಒಂದೇ ಒಂದು ಕೋರಿಕೆ ಮುಂದಿಟ್ಟರು: ಸಮಾರಂಭದ ಕೊನೆಗೆ ನೆರೆದವರೆಲ್ಲ ಒಮ್ಮೆ ಸುತ್ತು ಕುಣಿಯಬೇಕು, ಆಕೆಯೂ ಇರುತ್ತಾರೆ. ಸಮಯದ ಅಭಾವದಿಂದ ಸಾಧ್ಯವಾಗದೆಂದು ಅಭಿನಂದನ ಸಮಿತಿ ವಿಷಾದಪೂರ್ವಕವಾಗಿ ಉತ್ತರಿಸಿದೆ. ಮೇಷ್ಟ್ರು ನೂರು ವರ್ಷ ಬಾಳಲಿ, ಆ ಮಹಡಿಯ ಮೇಲಿನ ಕುಣಿತ ನಿಲ್ಲದೆ ಸಾಗಲಿ. ಸಮಿತಿಯ ಆ ಪತ್ರಕ್ಕೆ ಈ ಲೇಖಕಿಯೂ ಸಹಿ ಹಾಕಿದ್ದಾಳೆ.