ಪಾರವ್ವ ಸಾಲಿ ಮಕ್ಕಳ ಸಂಗಡ ಫಾಲ್ಸಿಗೆ ಹೋದದ್ದು

ಯಮಕನಮರಡಿಯ ಅಣ್ಣಪ್ಪ ಬೆಲ್ಲದ ಗಾಡಿ ಹೊಡೆದುಕೊಂಡು ಸಂತೆಗೆ ಹೊರಟವನು, ಇಳಿಜಾರಿನಲ್ಲಿ ಗಾಡಿ ಉರುಳಿ ಅದರಡಿಯೇ ಸತ್ತ. ಮಣ್ಣು ಮಾಡುವ ದಿನ ಊರ ಹೆಂಗಸರೆಲ್ಲ ಹೆಣದ ಮೇಲೆ ಬಿದ್ದು ಅತ್ತರೂ ಅವನ ಹೆಂಡತಿ ಪಾರವ್ವ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದಳು. ವರ್ಷ ತುಂಬಿದರೂ ಹಾಗೆಯೇ. ಕರೆದರೆ ಏಳುವಳು, ಕೊಟ್ಟರೆ ಉಣ್ಣುವಳು. ಬಿಸಿಲು, ಚಳಿ ಯಾವುದೂ ಅವಳ ಮೈಗೆ ಹತ್ತುತ್ತಿರಲಿಲ್ಲ.

ಮನೆ ನಡೆದದ್ದು ಮಗಳು ನೀಲವ್ವನಿಂದ. ಒಂಬತ್ತು ವರ್ಷದ ಹುಡುಗಿ. ನಸುಕಿನಲ್ಲಿ ಎದ್ದು ಬಾವಿಯಿಂದ ನೀರು ತರುವಳು, ಎಮ್ಮೆಗೆ ಮೇವು ಹಾಕುವಳು, ಸಾಲಿಗೆ ಹೋಗುವ ಮುಂಚೆ ಅವ್ವನ ತಲೆ ಬಾಚಿ ತುರುಬು ಕಟ್ಟುವಳು. ಮೊಣಕಾಲು ಹಿಡಿದು ಕೂತಲ್ಲೇ ಕೂತಿರುತ್ತಿದ್ದ ಅಜ್ಜಿ ಚನ್ನವ್ವ, "ನಮ್ಮ ನೀಲಿ ದೊಡ್ಡಾಕಿ ಆಗ್ಯಾಳ" ಎಂದು ಬಂದವರ ಮುಂದೆಲ್ಲ ಹೊಗಳುವಳು.

ಕನ್ನಡ ರಾಜ್ಯ ಒಂದಾಗಿ ಎರಡು ವರ್ಷವಾಗಿತ್ತು. ಆ ಚಳಿಗಾಲದಲ್ಲಿ ಸಾಲಿಯ ದುಂಡಪ್ಪ ಮಾಸ್ತರರು ಮನೆಗೆ ಬಂದರು. ನಾಲ್ಕನೆಯ ಇಯತ್ತೆಯ ಮಕ್ಕಳನ್ನು ಗೋಕಾಕ ಫಾಲ್ಸಿಗೆ ಕರೆದೊಯ್ದು ಮೂರು ದಿನ ಅಲ್ಲಿಯ ಧರ್ಮಶಾಲೆಯಲ್ಲಿ ಇರಿಸಬೇಕೆಂಬುದು ಅವರ ಆಸೆ.

"ಸಣ್ಣ ಹುಡುಗ್ರನ್ನ ಹೊರಗ ಮಲಗಾಕ ಯಾರ ಕಳಸ್ತಾರ್ರಿ ಮಾಸ್ತರ?" ಎಂದಳು ಚನ್ನವ್ವ.

"ಅದಕ್ಕ ಕರ್ಕೊಂಡ ಹೊಂಟೇನ್ರಿ ಆಯಿ. ತಮ್ಮ ಹಾಸಿಗಿ ತಾವ ಸುತ್ತಾಕ, ಒಬ್ಬರಿಗೊಬ್ಬರು ಆಗಾಕ ಕಲೀಲಿ. ಅಡಿಗೀಗೆ ಹೆಣ್ಣಮಗಳು ಒಬ್ಬರು ಬೇಕು. ಪಾರವ್ವಾರ, ನೀವ ಬರ್ರಿ, ಹೆಂಗೂ ನೀಲವ್ವನೂ ಬರ್ತಾಳ."

ಹೂಂ ಎನ್ನುವುದೂ ಒಲ್ಲೆ ಎನ್ನುವುದೂ ಪಾರವ್ವನಿಗೆ ಒಂದೇ ಆಗಿತ್ತು. ಹೂಂ ಎಂದಳು.

ಫಾಲ್ಸಿನ ಮುಂದೆ ಮಕ್ಕಳು ಬಾಯಿ ತೆರೆದು ನಿಂತರು. ಪಾರವ್ವನಿಗೆ ಅದು ಬೀಳುವ ನೀರು, ಅಷ್ಟೇ. ಸಂಜೆ ಒಂದಿಬ್ಬರು ಅವ್ವನನ್ನು ನೆನೆದು ಅತ್ತರು. ಉಳಿದವರು ಅವರನ್ನು ನಡುವೆ ಕೂರಿಸಿಕೊಂಡು ಕಥೆ ಹೇಳಿದರು.

ಮರುದಿನ ಮಾಸ್ತರರು ಕೆಲಸ ಹಂಚಿದರು. ನೀಲವ್ವ ರೂಢಿಯಂತೆ ಕೊಡಕ್ಕೆ ಕೈ ಹಾಕಿದಳು. ಅದನ್ನು ಉದ್ದವ್ವ ಕಸಿದುಕೊಂಡಳು. ಊರಾಚೆಯ ಕೇರಿಯ ಲಗಮಪ್ಪನ ಮಗಳು ಅವಳು.

"ಇವತ್ತ ನೀರಿನ ಪಾಳಿ ನಂದೈತಿ. ನೀ ಆಡಾಕ ಹೋಗ."

ಊರಲ್ಲಿ ಉದ್ದವ್ವ ಮುಟ್ಟಿದ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಇಲ್ಲಿ ಮಾಸ್ತರರೇ ಮೊದಲು ತಂಬಿಗೆ ಎತ್ತಿ ಕುಡಿದರು. ಹುಡುಗರು ಅವರ ಮುಖ ನೋಡಿದರು, ಆಮೇಲೆ ಕುಡಿದರು. ಪಾರವ್ವ ಅದೇ ನೀರಿನಲ್ಲಿ ಹಿಟ್ಟು ನಾದಿದಳು.

ಬರಿಗೈಯಲ್ಲಿ ಏನು ಮಾಡಬೇಕೆಂದು ತಿಳಿಯದೆ ನೀಲವ್ವ ಸ್ವಲ್ಪ ಹೊತ್ತು ನಿಂತಳು. ಬಳಿಕ ಎಲ್ಲರೊಡನೆ ತೂಗುಸೇತುವೆಗೆ ಓಡಿದಳು. ಸೇತುವೆ ಓಲಾಡಿತು, ಹುಡುಗಿಯರು ಕಿರುಚಿದರು. ಅದರ ನಡುವೆ ಒಂದು ನಗು ಎದ್ದು ಕೇಳಿತು. ಯಾರ ಕೂಸದು ಎಂದು ಪಾರವ್ವ ತಲೆ ಎತ್ತಿದಳು. ಜಡೆ ಬಿಚ್ಚಿ, ಹೊಟ್ಟೆ ಹಿಡಿದು ನಗುತ್ತಿದ್ದವಳು ತನ್ನ ಮಗಳೇ ಎಂದು ತಿಳಿಯಲು ಅವಳಿಗೆ ಹೊತ್ತು ಹಿಡಿಯಿತು. ಎದೆ ಕರಗಲಿಲ್ಲ, ಕಣ್ಣು ತುಂಬಲಿಲ್ಲ. ಇದು ಇನ್ನೂ ಸಣ್ಣದು ಎಂಬ ಒಂದು ವಿಚಾರ ಮಾತ್ರ ನಿಧಾನಕ್ಕೆ ಬಂದು ತಲೆಯಲ್ಲಿ ಕೂತಿತು.

ಊರಿಗೆ ಮರಳಿದ ಮರುದಿನ ನೀಲವ್ವ ಎದ್ದಾಗ ಕೊಡ ಜಾಗದಲ್ಲಿರಲಿಲ್ಲ. ಅವ್ವ ನೀರು ಹೊತ್ತು ಒಳಗೆ ಬಂದಳು.

"ನಾ ತರ್ತಿದ್ನಲ್ಲ ಬೇ?"

"ಮಲಕೋ. ಸಾಲಿಗೆ ಇನ್ನಾ ಹೊತ್ತೈತಿ."

ಅದಾಗಿ ಸ್ವಲ್ಪ ಹೊತ್ತಿಗೆ ಉದ್ದವ್ವ ಗೆಳತಿಯನ್ನು ಕರೆಯಲು ಬಂದು ಅಂಗಳದಲ್ಲೇ ನಿಂತಳು. ನೀಲವ್ವ ಕೈ ಹಿಡಿದು ಒಳಗೆ ಎಳೆದಳು. ಚನ್ನವ್ವ ಕೂತಲ್ಲಿಂದಲೇ ಕೂಗಿದಳು: "ಯಾರ ಮಗಳದು? ಒಳಗ್ಯಾಕ ಬಂತು?"

"ಲಗಮಪ್ಪನ ಮಗಳ್ರಿ ಅತ್ತಿ. ಆಕಿ ತಂದ ನೀರಾಗ ಅಡಿಗಿ ಮಾಡಿ ಉಂಡ ಬಂದೇನಿ" ಎಂದು ಪಾರವ್ವ ಇಬ್ಬರಿಗೂ ರೊಟ್ಟಿ ಕೊಟ್ಟಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಧೈರ್ಯವೂ ಇರಲಿಲ್ಲ. ಜನ ಏನಂದಾರು ಎಂಬುದು ಕೂಡ ಅವಳನ್ನು ತಾಕದಂತಾಗಿತ್ತು. ಚನ್ನವ್ವ ಬಹಳ ದಿನ ಸೊಸೆಯ ಕೈಯ ಅಡಿಗೆ ಉಣ್ಣಲಿಲ್ಲ, ಆಮೇಲೆ ಉಂಡಳು.

ಮುಂದೆ ಪ್ರತಿ ಚಳಿಗಾಲವೂ ಮಕ್ಕಳೊಂದಿಗೆ ಅಡಿಗೆಗೆ ಪಾರವ್ವನೇ ಹೋದಳು. ಮಾತು ಹೆಚ್ಚಲಿಲ್ಲ. ಆದರೆ ಅಳುವ ಕೂಸು ಯಾವುದೆಂದು ನೋಡಿ ಅದರ ಪಕ್ಕದಲ್ಲೇ ಚಾಪೆ ಹಾಸುತ್ತಿದ್ದಳು.

ನೀಲವ್ವ, ಉದ್ದವ್ವ ಇಬ್ಬರೂ ಏಳನೆಯ ಇಯತ್ತೆ ಪಾಸಾಗಿ ಗೋಕಾಕದ ಬೋರ್ಡಿಂಗಿಗೆ ಹೊರಟರು. ಪರಸ್ಥಳದಲ್ಲಿ ಇರಬೇಕಲ್ಲ ಎಂಬ ಅಂಜಿಕೆ ಇಬ್ಬರಿಗೂ ಇರಲಿಲ್ಲ. ಬಸ್ಸು ಹೋದ ಮೇಲೆ ಪಾರವ್ವ ರಸ್ತೆ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟಳು. ಮಗಳನ್ನು ಕಳಿಸಲು ಬಂದಿದ್ದ ಲಗಮಪ್ಪ ತಿರುಗಿ ನೋಡಿದ.

"ಯಾಕ್ರೀ ಯವ್ವಾ, ಆರಾಮ ಅದೀರಿಲ್ಲೋ?"

"ಏನಿಲ್ಲ ಲಗಮಪ್ಪ. ಮನಿಗೆ ಹೋಗಾಕ ಮನಸ್ಸ ಆಗವಲ್ದು."

ಲಗಮಪ್ಪ ತುಸು ಆಚೆ ತಾನೂ ಕೂತ.