ನಿಂಬೆಹಣ್ಣು ತಿಕ್ಕಿಸಿಕೊಂಡ ಅಮಲ್ದಾರ

ಸ್ವಲ್ಪ ತಾಳಿ, ಪುಟ ತಿರುಗಿಸಬೇಡಿ. ಇದನ್ನು ಪೂರ್ತಿ ಓದಿ, ಆಮೇಲೂ ನಗು ಬಂದರೆ ನಗಿ.

ಹೋದ ವರ್ಷ, ಅಂದರೆ ೧೯೬೫ರ ಬೇಸಿಗೆಯಲ್ಲಿ, ನಾನೂ ಗೆಳೆಯ ನಂಜುಂಡನೂ ಸಿನಿಮಾ ತೆಗೆಯಲು ಹೊರಟೆವು. ಹೌದು, ಸಿನಿಮಾ! ಅವನ ಭಾವ ಬೊಂಬಾಯಿಯಿಂದ ತಂದಿದ್ದ ಪುಟ್ಟ ಕ್ಯಾಮೆರಾ. ಕೀಲಿ ಕೊಟ್ಟರೆ ಓಡುತ್ತದೆ, ಮಾತು ಹಿಡಿಯುವುದಿಲ್ಲ. ನಮಗೆ ಕಲಿಸಿದವರು ಯಾರೂ ಇಲ್ಲ. ಅರಸೀಕೆರೆಯ ಟೆಂಟಿನಲ್ಲಿ ನೋಡಿದ್ದಷ್ಟೇ ವಿದ್ಯೆ.

ಕಥೆ ನನ್ನದೇ. ಒಬ್ಬ ಹುಚ್ಚ ಹಳ್ಳಿಗೆ ಬಂದು ತಾನೇ ಅಮಲ್ದಾರ ಅನ್ನುತ್ತಾನೆ, ಊರಿನ ಪಟೇಲರು ಎದ್ದು ಕೈ ಮುಗಿಯುತ್ತಾರೆ. ಹುಚ್ಚನ ಪಾತ್ರ ನನಗೆ. ಪಟೇಲರ ಪಾತ್ರಕ್ಕೆ ಹಳೇಬೀಡಿನ ಹತ್ತಿರದ ಹಳ್ಳಿಯಲ್ಲಿದ್ದ ನಂಜುಂಡನ ಸೋದರಮಾವ. ನಾನು ಅವರನ್ನು ನೋಡಿರಲಿಲ್ಲ.

"ರುಮಾಲು ಸುತ್ಕೊಂಡು ಚಾವಡಿ ಜಗಲಿ ಮೇಲೆ ಕೂತಿರ್ತಾರೆ ಕಣೋ. ನೀನು ಹೋಗಿ ಜೋರು ಮಾಡು," ಎಂದಿದ್ದ ನಂಜುಂಡ.

ಕ್ಯಾಮೆರಾ ಕಂಡರೆ ಜನ ಅದನ್ನೇ ನೋಡುತ್ತಾರೆಂದು ಅವನು ಎದುರಿನ ಹುಲ್ಲಿನ ಬಣವೆಯ ಹಿಂದೆ ಅಡಗಿದ. ಏನಾದರೂ ತೊಂದರೆಯಾದರೆ ನಾನು ಹುಚ್ಚನ ವೇಷಕ್ಕೆಂದು ತಲೆಗಿಟ್ಟ ತೆಂಗಿನ ಚಿಪ್ಪನ್ನು ತೆಗೆದು ಬೀಸಬೇಕು, ಅದು ನಮ್ಮ ಗುರುತು.

ಹರಕು ಕೋಟು, ಕೊರಳಿಗೆ ಚಿಪ್ಪಿನ ಸರ, ತಲೆಗೆ ಚಿಪ್ಪಿನ ಟೋಪಿ. ಜಗಲಿಯ ಮೇಲೆ ರುಮಾಲು ಸುತ್ತಿದ ಹಿರಿಯರೊಬ್ಬರು ಕೂತಿದ್ದರು. ಎದೆ ಸೆಟೆಸಿ ಹೋಗಿ, "ಏಯ್ ಮುದುಕ, ಏಳೋ ಮೇಲೆ! ಅಮಲ್ದಾರ ಬಂದಿರೋದು ಕಾಣಲ್ವೇನೋ?" ಅಂದೆ.

ಅವರು ಏಳಲಿಲ್ಲ. ಅವರು ಮಾವನಾಗಿರಲಿಲ್ಲ, ಊರಿನ ನಿಜವಾದ ಪಟೇಲರು.

"ಹಿಡ್ಕಳ್ರೋ ಇವನ್ನ. ತಲೆ ಕೆಟ್ಟೈತೆ," ಅಂದರು, ದನಿ ಕೂಡ ಏರಿಸದೆ.

ಇಬ್ಬರು ಆಳುಗಳು ನನ್ನನ್ನು ಕಂಬಕ್ಕೆ ಕಟ್ಟಿದರು. "ಸ್ವಾಮಿ, ಇದು ಸಿನಿಮಾ! ಬಣವೆ ಹಿಂದೆ ಕ್ಯಾಮೆರಾ ಇದೆ!" ಎಂದು ಕೂಗಿದೆ.

"ಬಣವೆ ಹಿಂದೆ ಸಿನಿಮಾ ಐತಂತೆ ಕಣ್ಲಾ!" ಜನ ನಕ್ಕರು. "ಪೂರಾ ಕೆಟ್ಟೈತೆ, ಪಟೇಲ್ರೇ."

ಕೂಗಿದಷ್ಟೂ ಹಗ್ಗ ಬಿಗಿಯಾಯಿತು. ಚಿಪ್ಪು ಬೀಸೋಣವೆಂದರೆ ಕೈ ಕಟ್ಟಿದೆ. ಬಣವೆಯ ಮೇಲೆ ನಂಜುಂಡನ ಕೈ ಮಾತ್ರ ಕಂಡಿತು. ಅಷ್ಟು ದೂರಕ್ಕೆ ಅವನಿಗೂ ಬರೀ ರುಮಾಲು ಕಂಡಿರಬೇಕು. ಭೇಷ್, ಹಾಗೇ ಮಾಡು ಎಂದು ಬೀಸುತ್ತಿದ್ದ!

"ತಲೆ ಬೋಳ್ಸಿ ನಿಂಬೆಹಣ್ಣು ತಿಕ್ಕಿ. ಹುಚ್ಚು ಇಳೀದಿದ್ರೆ ನಾಳೆ ಬೆಂಗಳೂರು ಹುಚ್ಚಾಸ್ಪತ್ರೆಗೆ ಸಾಗಹಾಕಾನ," ಅಂದರು ಪಟೇಲರು.

ಆಳು ತಂದ ಕ್ಷೌರದ ಕತ್ತಿಯ ತಣ್ಣನೆ ಅಂಚು ಹಣೆಗೆ ತಾಗಿತು. ಅಪ್ಪ ಆಗ ಕಾಯಿಲೆಯಿಂದ ಹಾಸಿಗೆ ಹಿಡಿದಿದ್ದರು. ಅಪ್ಪ ಬದುಕಿರುವಾಗಲೇ ಮಗ ತಲೆ ಬೋಳಿಸಿಕೊಂಡು ಮನೆ ಬಾಗಿಲಿಗೆ ಹೋಗುವುದೇ? ಅಮ್ಮ ನನ್ನನ್ನು ಆ ತಲೆಯಲ್ಲಿ ನೋಡಿದರೆ?

"ಬೋಳಿಸಬೇಡಿ! ನಮ್ಮಪ್ಪ ಬದುಕಿದ್ದಾರೆ!" ಎಂದು ಕಿರುಚಿ ಅತ್ತುಬಿಟ್ಟೆ.

ಗುಂಪಿನಲ್ಲಿದ್ದ ಒಬ್ಬ ಅಜ್ಜಿ, "ಬ್ಯಾಡ ಕಣ್ರಪ್ಪೋ. ಹುಚ್ಚನಾದ್ರೇನು, ಅವ್ರಪ್ಪನ ಆಯಸ್ಸು ಯಾಕೆ ತಿಂತೀರಾ? ಕೂದ್ಲು ಮ್ಯಾಲೇ ತಿಕ್ಕಿ," ಅಂದರು. ಪಟೇಲರು ತಲೆಯಾಡಿಸಿದರು. ಕತ್ತಿ ದೂರ ಹೋಯಿತು. ನಿಂಬೆರಸ ಕಣ್ಣಿಗಿಳಿದು ಉರಿ ಹತ್ತಿತು.

ಅಷ್ಟರಲ್ಲಿ ರೀಲು ಮುಗಿದು ನಂಜುಂಡ ನಗುತ್ತಾ ಬಂದ. ಹತ್ತಿರ ಬಂದು ನನ್ನ ಮುಖ ನೋಡಿದ ಮೇಲೆ ಅವನ ನಗು ನಿಂತಿತು. ರುಮಾಲು ಸುತ್ತುವುದರಲ್ಲಿ ತಡವಾದ ಮಾವನೂ ಓಡಿಬಂದು, ಕೈ ಮುಗಿದು, ಎಲ್ಲ ಹೇಳಿದರು. ಪಟೇಲರು ಕ್ಯಾಮೆರಾವನ್ನೇ ನೋಡಿದರು. ತಪ್ಪಾಯಿತು ಅನ್ನಲಿಲ್ಲ.

"ಬಿಚ್ರೋ. ನೋಡುದ್ರಾ, ನಿಂಬೆಹಣ್ಣು ಕೆಲ್ಸ ಮಾಡ್ತು. ವಾಸಿ ಆಗೈತೆ."

ಜನರೂ ಹೌದು ಹೌದು ಅಂದರು.

ಆಗ ಒಬ್ಬ ಮುದುಕ ತನ್ನ ಪ್ರಾಯದ ಮಗನನ್ನು ಕೈ ಹಿಡಿದು ಕರೆತಂದ. ಮಗ ನೆಲವನ್ನೇ ನೋಡುತ್ತಿದ್ದ. "ಪಟೇಲ್ರೇ, ಇವನಿಗೂ ತಿಕ್ಸಿ. ಮಾತೇ ಬಿಟ್ಟವ್ನೆ."

ನಾನು ಮುದುಕನ ಕೈ ಹಿಡಿದುಕೊಂಡೆ. "ತಾತ, ನನಗೆ ಏನೂ ಆಗಿರಲಿಲ್ಲ. ಅದು ವೇಷ. ಇವನನ್ನ ಡಾಕ್ಟರಿಗೆ ತೋರಿಸಿ."

"ನೀನು ವಾಸಿ ಆದ್ಯಲ್ಲ ಮಗಾ, ಅಷ್ಟು ಸಾಕು," ಎಂದು ಮುದುಕ ನನ್ನ ಒದ್ದೆ ತಲೆ ಸವರಿದ. ನನ್ನ ಮೈಯಿಂದ ಬಿಚ್ಚಿದ ಹಗ್ಗ ಕಂಬದ ಬುಡದಲ್ಲೇ ಬಿದ್ದಿತ್ತು. ಆಳು ಅದನ್ನು ಕೈಗೆತ್ತಿಕೊಂಡ.

ರೀಲು ತೊಳೆಸಿ ತಂದ ಮೇಲೆ ಗೋಡೆಗೆ ಬಿಳಿ ಪಂಚೆ ಕಟ್ಟಿ ನೋಡಿದೆವು. ನಾನು ಅಳುವುದನ್ನು ಕಂಡು ಗೆಳೆಯರು, "ಏನ್ ಆಕ್ಟಿಂಗ್ಲಾ ಇದು!" ಎಂದು ಹೊಟ್ಟೆ ಹಿಡಿದು ನಕ್ಕರು. ನನಗೆ ಮಾತ್ರ ಈಗಲೂ ನಿಂಬೆಹಣ್ಣಿನ ವಾಸನೆ ಬಂದರೆ ಕೈ ತಾನಾಗಿಯೇ ತಲೆಗೆ ಹೋಗುತ್ತದೆ. ನನಗಾಗಿ ಬಣವೆಯ ಹಿಂದಿನಿಂದ ಒಬ್ಬ ಬಂದ. ಮಾತು ಬಿಟ್ಟ ಆ ಮಗನಿಗಾಗಿ ಯಾರೂ ಬರಲಿಲ್ಲ.

ನೀವು ನಿಜ ಹೇಳಿದಷ್ಟೂ ಯಾರೂ ನಂಬದ ಗಳಿಗೆ ನಿಮ್ಮ ಬಾಳಿನಲ್ಲೂ ಬಂದಿತ್ತೇ? ದಯವಿಟ್ಟು ಬರೆಯಿರಿ. ನಾನು ನಂಬಿ ಓದುತ್ತೇನೆ.