ನಮ್ಮತ್ತೆ ಉಜ್ಜಿದ ಸಮುದ್ರ

ಬೋರಿನ ಉಪ್ಪು ನೀರನ್ನು ಯಂತ್ರಕ್ಕೆ ಹಾಕಿ ಸಿಹಿ ಮಾಡಿಕೊಂಡು, ಆಮೇಲೆ ಅದೇ ನೀರಿಗೆ ಅಳತೆ ಮಾಡಿ ಉಪ್ಪು ಸುರಿಯುವ ಮನೆ ಚಳ್ಳಕೆರೆಯಲ್ಲಿ ಆಗ ಬಹುಶಃ ನಮ್ಮದೊಂದೇ. ಇಂಥದ್ದನ್ನೆಲ್ಲ ನೆರೆಹೊರೆಯವರಿಗೆ ವಿವರಿಸಲು ಹೋಗಬಾರದು. ಒಮ್ಮೆ ಹೋದೆ. ಎದುರುಮನೆ ಗೌರಕ್ಕ ಪೂರ್ತಿ ಕೇಳಿಸಿಕೊಂಡು, "ಅಲ್ಲ ಟೀಚರೇ, ಬೋರ್ ನೀರೇ ಉಪ್ಪುಪ್ಪಗೈತೆ. ಅದನ್ನೇ ಹಾಕಿದ್ರೆ ಮೀನು ಬ್ಯಾಡ ಅಂತಾವಾ?" ಅಂದರು. ಬೋರಿನ ಉಪ್ಪು ಬೇರೆ, ಸಮುದ್ರದ ಉಪ್ಪು ಬೇರೆ ಎಂದು, ತಳಕಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನು ಹೇಳಿದೆ. "ಓಹೋ" ಅಂದು ಒಳಗೆ ಹೋದರು. ಆ ಓಹೋದಲ್ಲಿ ನನ್ನ ಗಂಡನ ಮೇಲಿನ ಕನಿಕರವೇ ಹೆಚ್ಚಿತ್ತು.

ಕನಿಕರಕ್ಕೆ ಅವರು ಅರ್ಹರಲ್ಲ. ಈ ಹುಚ್ಚು ಹತ್ತಿಸಿದ್ದೇ ಅವರು. ಎಲೆಕ್ಟ್ರಿಕಲ್ ಅಂಗಡಿಗೆ ಸಾಮಾನು ತರಲು ಮದ್ರಾಸಿಗೆ ಹೋದವರು ವೈರಿನ ಸುರುಳಿಗಳ ಜೊತೆ ಒಂದು ಜೋಡಿ ಸಮುದ್ರದ ಮೀನು ಹಿಡಿದುಕೊಂಡು ಬಂದರು. ಕಿತ್ತಳೆ ಮೈ, ಮೇಲೆ ಬಿಳಿ ಪಟ್ಟೆ. ಈ ಜಾತಿಯಲ್ಲಿ ಮೊದಲು ಎಲ್ಲವೂ ಗಂಡಾಗಿಯೇ ಬೆಳೆಯುತ್ತವಂತೆ; ಗುಂಪಿನಲ್ಲಿ ಯಾವುದು ದೊಡ್ಡದೋ ಅದು ಹೆಣ್ಣಾಗಿ ಮನೆಯ ಯಜಮಾನಿಕೆ ವಹಿಸಿಕೊಳ್ಳುತ್ತದಂತೆ. ಇದನ್ನು ಓದಿ ಹೇಳಿದಾಗ ನನ್ನವರು, "ಅದ್ಕೇ ನಿಂಗೆ ಇವು ಇಷ್ಟ" ಅಂದರು. ನಾನು ಅಲ್ಲಗಳೆಯಲಿಲ್ಲ.

ಎರಡಡಿಯ ಗಾಜಿನ ತೊಟ್ಟಿಯಲ್ಲಿ ಅವು ಸುಖವಾಗಿಯೇ ಇದ್ದವು, ತೊಟ್ಟಿಯ ಮೂಲೆ ಸೋರಲು ಶುರುವಾಗುವವರೆಗೆ. ಮೊದಲು ಹನಿ. ಕೆಳಗೆ ಚೊಂಬು ಇಟ್ಟೆವು. ಗಾಜಿನಂಗಡಿಯ ರಹಮತ್ ಸಾಬರು ಬಂದು ನೋಡಿ, "ಇದು ಇವತ್ತು ಹೋಗುತ್ತೋ ನಾಳೆ ಹೋಗುತ್ತೋ, ಗ್ಯಾರಂಟಿ ಇಲ್ಲಮ್ಮ. ಹೊಸದು ಮಾಡಿಸಿಬಿಡಿ" ಅಂದರು. ಹೊಸದು ಮಾಡಿಸುವುದೇ ಆದರೆ ನಾಲ್ಕಡಿಯದೇ ಆಗಲಿ ಎಂದು ನನ್ನ ಬಾಯಿಂದ ಬಂತು. ಹೊಸ ಬಟ್ಟೆ ತೆಗೆಯುವಾಗ ಮಕ್ಕಳಿಗೆ ಎರಡಳತೆ ದೊಡ್ಡದು ತೆಗೆಯುವ ನಮ್ಮ ಕಡೆಯವರ ಬುದ್ಧಿ ಅದು.

ಅಲ್ಲಿಂದ ಶುರುವಾಯಿತು ಸಲಕರಣೆಗಳ ಸಂತೆ. ಬಸ್‌ಸ್ಟ್ಯಾಂಡ್ ಹತ್ತಿರದ ಇಂಟರ್ನೆಟ್ ಅಂಗಡಿಯಲ್ಲಿ ಕೂತು ದೇಶಾಂತರದ ಮೀನುಹುಚ್ಚರ ಸಲಹೆಗಳನ್ನೆಲ್ಲ ಓದಿದೆ. ಅವರೆಲ್ಲ ಮೊದಲು ಹೇಳುವುದು, ಒಳ್ಳೆಯ ಹೀಟರ್ ತಗೊಳ್ಳಿ ಅಂತ. ಚಳ್ಳಕೆರೆಯ ಏಪ್ರಿಲ್ ತಿಂಗಳಿಗೆ ಹೀಟರ್! ನೀರು ತಂಪು ಮಾಡುವ ಯಂತ್ರವೂ ಉಂಟಂತೆ, ಆದರೆ ಅದು ಕುಡಿಯುವ ಕರೆಂಟಿನಲ್ಲಿ ಒಂದು ಎಣ್ಣೆ ಗಾಣ ಓಡಿಸಬಹುದು ಎಂದು ನನ್ನವರು ತೀರ್ಪು ಕೊಟ್ಟರು. ಕೊನೆಗೆ ನೀರಿನ ಮೇಲೆ ಬೀಸುವಂತೆ ಒಂದು ಟೇಬಲ್ ಫ್ಯಾನು, ತೊಟ್ಟಿಯ ಬೆನ್ನಿಗೆ ಒದ್ದೆ ಗೋಣಿತಾಟು. ಕರೆಂಟು ಹೋದರೆ ಇನ್ವರ್ಟರ್. ಕಬ್ಬಿಣದ ಸ್ಟ್ಯಾಂಡು ಬೇಡ, ಉಪ್ಪಿಗೆ ತುಕ್ಕು ಹಿಡಿಯುತ್ತದೆ ಎಂದು ನಾನು. ಮರದ್ದು ಬೇಡ, ಭಾರಕ್ಕೆ ಬಾಗುತ್ತದೆ ಎಂದು ಅವರು. ಈ ಜಗಳ ಬಹಳ ದಿನ ನಡೆದು ಕಡಪ ಕಲ್ಲಿನ ಕಟ್ಟೆಯಲ್ಲಿ ಮುಗಿಯಿತು. ನೀರಿನ ಕೊಳೆಯನ್ನು ನೊರೆಯಾಗಿ ಎಬ್ಬಿಸಿ ತೆಗೆಯುವ ಒಂದು ಕೊಳವೆಯನ್ನು ಮಾತ್ರ ಯಾರಿಗೂ ವಿವರಿಸಬೇಕಾಗಲಿಲ್ಲ. ನಮ್ಮತ್ತೆ ಒಮ್ಮೆ ನೋಡಿ, "ಬೆಲ್ಲದ ಪಾಕದ ನೊರೆ ತೆಗ್ದಂಗೆ" ಅಂದುಬಿಟ್ಟರು.

ನಮ್ಮತ್ತೆ ಓಬಮ್ಮ ತೆಲುಗು ಗಡಿಯ ದೇವಸಮುದ್ರದ ಕಡೆ ಕುರಿ ಸಾಕಿದ ಮನೆಯ ಮಗಳು. ಸಮುದ್ರ ನೋಡಿದವರಲ್ಲ. ಅವರ ಜೀವಮಾನದ ವ್ರತ ಎಂದರೆ ಉಜ್ಜುವುದು. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಇದ್ದರೆ ಲೋಕದ ಕೊಳೆಯನ್ನೆಲ್ಲ ತೆಗೆಯಬಹುದು ಎಂದು ನಂಬಿದವರು. ನಮ್ಮ ಮನೆಯಲ್ಲಿ ಅಲಾರಂ ಇರಲಿಲ್ಲ. ಬೆಳಗಿನ ಜಾವ ಹಿತ್ತಲಲ್ಲಿ ಅವರು ತಾಮ್ರದ ಹಂಡೆ ಉಜ್ಜುವ ಸದ್ದಿಗೇ ಎಲ್ಲರೂ ಏಳುತ್ತಿದ್ದೆವು.

ಹೊಸ ತೊಟ್ಟಿಗೆ ಕಲ್ಲುಗಳು ಬೇಕಿದ್ದವು, ಸಮುದ್ರದಲ್ಲೇ ಇದ್ದು ಪಾಚಿ, ಹುಳ, ಕಣ್ಣಿಗೆ ಕಾಣದ ಕೋಟಿ ಜೀವಗಳು ಮನೆ ಮಾಡಿಕೊಂಡಿರುವ ಕಲ್ಲುಗಳು. ಮೀನಿನ ಹೊಲಸನ್ನು ಜೀರ್ಣಿಸಿ ನೀರನ್ನು ಕಾಯುವುದು ಆ ಜೀವಗಳೇ. ಮಿಕ್ಕ ಯಂತ್ರಗಳೆಲ್ಲ ಅವುಗಳ ಆಳುಕಾಳು. ಮದ್ರಾಸಿನ ಮೀನಿನಂಗಡಿಯವನು ಒದ್ದೆ ಕಾಗದದಲ್ಲಿ ಸುತ್ತಿ ಬಸ್ಸಿಗೆ ಹಾಕಿದ. ನನ್ನವರು ಬೆಳಿಗ್ಗೆ ಇಳಿಸಿಕೊಂಡು ಬಂದು ಹಿತ್ತಲಲ್ಲಿ ಇಟ್ಟು ಅಂಗಡಿಗೆ ಹೋದರು. ನಾನಾಗಲೇ ತಳಕಿನ ಬಸ್ಸಿನಲ್ಲಿದ್ದೆ. ಶನಿವಾರ ಅರ್ಧ ದಿನದ ಶಾಲೆ ತಾನೆ, ಬಂದು ನೋಡಿಕೊಂಡರಾಯಿತು ಎಂದುಕೊಂಡಿದ್ದೆ.

ಬಂದು ನೋಡಿದೆ. ಮಾಳಿಗೆಯ ಮೇಲೆ ಒಣಮೆಣಸಿನಕಾಯಿಯ ಪಕ್ಕ ಸಾಲಾಗಿ ಕಲ್ಲುಗಳು, ಬೇಯಿಸಿದ ಮೊಟ್ಟೆಯಷ್ಟು ಬೆಳ್ಳಗೆ. ಒಂದೊಂದಕ್ಕೂ ಅರಿಶಿನ, ಕುಂಕುಮ. ಮುಂದೆ ಒಂದು ಊದಿನಕಡ್ಡಿ. ನಮ್ಮ ಕಡೆ ಬಾವಿಗೆ ನೀರು ಬಂದರೆ, ಬೋರು ಕೊರೆಸಿದರೆ, ಕಲ್ಲು ತೊಳೆದಿಟ್ಟು ಗಂಗಮ್ಮ ಅಂತ ಪೂಜೆ ಮಾಡುತ್ತಾರೆ. ಸಮುದ್ರದಿಂದಲೇ ಎದ್ದು ಬಂದ ಕಲ್ಲೆಂದರೆ ಕೇಳಬೇಕೆ?

"ಅಯ್ಯೋ ನಾ ತಲ್ಲೀ, ಎಂಥಾ ಗಲೀಜಮ್ಮ ಅದು!" ಅತ್ತೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಬಂದರು. "ಹುಳ ಗಿಜಿಗಿಜಿ ಅಂತಿದ್ವು. ಸೀಗೆಪುಡಿ ಹಾಕಿ ಬಿಸಿನೀರಾಗೆ ಉಜ್ಜಿ ಉಜ್ಜಿ ಕೈಯೆಲ್ಲ ತರಚಿ ಹೋದ್ವು ನೋಡು. ಗಂಗಮ್ಮನ್ನ ಹಂಗೇ ಒಳಗೆ ತಗೊಂಡೋಗಾಕಾಯ್ತದಾ?"

ನನಗೆ ಸಿಟ್ಟು ಬಂತು. ಅಳುವೂ ಬಂತು. ಆದರೆ ಅರಿಶಿನ ಹಚ್ಚಿದ್ದರ ಮುಂದೆ ನಿಂತು ಬೈಯುವುದು ಹೇಗೆ? "ಅತ್ತೆ, ಅವು ಬದುಕಿದ್ವು" ಎಂದಷ್ಟೇ ಹೇಳಿದೆ. ಬೈದಿದ್ದರೇ ಒಳ್ಳೆಯದಿತ್ತು.

"ಬದುಕಿದ್ವಾ?" ಅಂದರು. ತರಚಿದ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡರು. ತಾಯಿ ಸತ್ತ ಕುರಿಮರಿಯನ್ನು ಮಡಿಲಲ್ಲಿಟ್ಟು ಹಾಲು ಕುಡಿಸಿ ಬದುಕಿಸಿದ ಕೈಗಳು ಅವು.

ಹಳೆ ತೊಟ್ಟಿಯಲ್ಲಿದ್ದ ಒಂದೇ ಒಂದು ಜೀವದ ಕಲ್ಲನ್ನು ಆ ಸತ್ತ ಕಲ್ಲುಗಳ ನಡುವೆ ಇಟ್ಟು, ಹೊಸ ತೊಟ್ಟಿಗೆ ನೀರು ತುಂಬಿಸಿದೆವು. ಇದರಿಂದ ಅವಕ್ಕೆಲ್ಲ ಜೀವ ಹರಡಬೇಕು, ವಾರಗಟ್ಟಲೆ ಕಾಯಬೇಕು ಎಂದೆ. "ಹೆಪ್ಪು ಹಾಕ್ದಂಗಾ?" ಎಂದು ಅತ್ತೆ ಮೆಲ್ಲಗೆ ಕೇಳಿದರು. ಹೌದೆಂದೆ. ಆಮೇಲೆ ಎರಡು ತೊಟ್ಟಿಗಳ ನಡುವೆ ಓಟ ಶುರುವಾಯಿತು. ಅತ್ತ ಮೂಲೆ ಸೋರುತ್ತಿದೆ, ಚೊಂಬು ಹೋಗಿ ಬಕೆಟ್ಟು ಬಂದಿದೆ. ಇತ್ತ ಹೆಪ್ಪು ಕೂಡುತ್ತಿಲ್ಲ. ನಾನು ಶಾಲೆಗೆ ಹೋದಾಗ ಬಕೆಟ್ಟಿನ ನೀರನ್ನು ಮತ್ತೆ ತೊಟ್ಟಿಗೆ ಎತ್ತಿ ಹಾಕುತ್ತ ಅತ್ತೆಯೇ ಕಾವಲು ಕೂತರು.

ಆದರೆ ಅವರು ಮೊದಲಿನ ಅತ್ತೆ ಆಗಿರಲಿಲ್ಲ. ಅನ್ನದ ಪಾತ್ರೆ ಹಿಡಿದುಕೊಂಡು ಬಂದು, "ಇದನ್ನ ಉಜ್ಜಬೌದೇನಮ್ಮ?" ಅನ್ನುವರು. ತಮಾಷೆಗಲ್ಲ, ನಿಜವಾಗಿ. ಬೆಳಗಿನ ಜಾವ ಹಿತ್ತಲು ಸುಮ್ಮನಿರುತ್ತಿತ್ತು. ಹಂಡೆ ಕಪ್ಪಾಯಿತು. ನಾನು ಎರಡು ಸಲ ಬಸ್ಸು ತಪ್ಪಿಸಿಕೊಂಡೆ. ಮೀನು ಸತ್ತರೆ ಸಾಯಲಿ, ಈ ಮುದುಕಿಗೆ ತನ್ನ ಕೈ ಮೇಲಿನ ನಂಬಿಕೆ ವಾಪಸು ಬಂದರೆ ಸಾಕಪ್ಪಾ ಅನ್ನಿಸಿತ್ತು.

ಮೀನು ಸಾಯಲಿಲ್ಲ. ಬಿಳಿ ಕಲ್ಲಿನ ಮೇಲೆ ಕಂದು ಲೋಳೆ, ಆಮೇಲೆ ಹಸಿರು ಪಾಚಿ ಕಾಣಿಸಿಕೊಂಡಿತು. ಅಷ್ಟು ಹೊತ್ತಿಗೆ ಹಳೆ ತೊಟ್ಟಿ ಇನ್ನೇನು ಕೈಬಿಡುವಂತಿತ್ತು. ಜೋಡಿಯನ್ನು ಹೊಸದಕ್ಕೆ ಬಿಟ್ಟೆವು. ಮನೆ ಮಾಡಿಕೊಳ್ಳಲು ಇದ್ದಬದ್ದ ಕಲ್ಲುಗಳಲ್ಲಿ ಅವು ಆರಿಸಿಕೊಂಡದ್ದು, ಸಂದಿಯಲ್ಲಿ ಇನ್ನೂ ಚೂರು ಅರಿಶಿನ ಉಳಿದಿದ್ದ ಕಲ್ಲನ್ನು. ಗಂಗಮ್ಮ ಒಪ್ಪಿದಳು ಬಿಡಿ ಎಂದು ನಾನಂದರೂ ಅತ್ತೆ ನಗಲಿಲ್ಲ. ತೊಟ್ಟಿಯಿಂದ ಒಂದು ಮಾರು ದೂರದಲ್ಲೇ ಕೈ ಕಟ್ಟಿಕೊಂಡು ಕೂರುತ್ತಿದ್ದರು.

ಎಷ್ಟೋ ತಿಂಗಳ ಮೇಲೆ ಒಂದು ಸಂಜೆ ದೊಡ್ಡ ಮೀನು ವಿಚಿತ್ರವಾಗಿ ಆಡತೊಡಗಿತು. ಆ ಕಲ್ಲಿನ ಒಂದೇ ಜಾಗಕ್ಕೆ ಬಾಯಿ ಹಚ್ಚಿ ಕೆರೆಯುವುದು, ಪಾಚಿ ಕಿತ್ತು ಉಗಿಯುವುದು, ಮತ್ತೆ ಕೆರೆಯುವುದು. ರೋಗ ಬಂತೇನೋ ಎಂದು ಹೆದರಿ ಇಂಟರ್ನೆಟ್ ಅಂಗಡಿಗೆ ಓಡಿದೆ. ಮೊಟ್ಟೆ ಇಡುವ ಮುಂಚೆ ಈ ಮೀನು ಕಲ್ಲನ್ನು ಹೀಗೆ ಚೊಕ್ಕಟ ಮಾಡಿಕೊಳ್ಳುತ್ತದೆಂದು ಬರೆದಿತ್ತು. ಬಂದು ಅತ್ತೆಗೆ ಹೇಳಿದೆ.

ಅತ್ತೆ ಎದ್ದು ಬಂದು ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದರು. "ನೋಡೇ, ಉಜ್ಜುತೈತೆ!" ಅಂದರು. "ಅದೂ ಉಜ್ಜುತೈತೆ ಕಣೇ!" ಬಾಯಿ ತುಂಬ ನಕ್ಕರು. ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದರೂ ನೋಡದವಳಂತೆ ಫ್ಯಾನು ಸರಿಮಾಡಿದೆ.

ಮಾರನೆಯ ಬೆಳಿಗ್ಗೆ ನನಗೆ ಎಚ್ಚರವಾದದ್ದು ಹಂಡೆ ಉಜ್ಜುವ ಸದ್ದಿಗೆ.